ನಿಂತಷ್ಟೂ ಕುಡಿಯುವ ಕಾರು

ಸ್ಕೂಟರು ಕೊಳ್ಳಲಿ, ಕಾರು ಕೊಳ್ಳಲಿ, ನಮ್ಮವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಕೊಡುತ್ತೆ?’ ಹಸು ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದಷ್ಟೇ ಸಹಜವಾಗಿ ಈ ಪ್ರಶ್ನೆ ಬಾಯಿಗೆ ಬರುತ್ತದೆ. ಆದರೆ ಲಕ್ಷಗಳನ್ನು ದಾಟಿ ಕೋಟಿಯ ಲೆಕ್ಕದಲ್ಲಿ ಮಾರಾಟವಾಗುವ ಭಾರೀ ಕಾರುಗಳ ಮುಂದೆ ನಿಂತಾಗ ಈ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. ಅಂಥ ಕಾರು ಕೊಳ್ಳುವವನು ಮೈಲೇಜು ಕೇಳುವುದೇ ಅವಮಾನ ಎಂಬ ಭಾವನೆ. ಕೇಳದಿದ್ದರೂ ಉತ್ತರ ತಪ್ಪುವುದಿಲ್ಲ. ತಿಂಗಳ ಕೊನೆಯಲ್ಲಿ ಪೆಟ್ರೋಲ್ ಬಂಕಿನ ಬಿಲ್ಲುಗಳನ್ನು ಕೂಡಿಸಿದಾಗ ಅದು ತಾನಾಗಿಯೇ ಎದುರಾಗುತ್ತದೆ.

ಸೋಜಿಗದ ಸಂಗತಿಯೆಂದರೆ ಇದೇ ಕಾರು ಹೆದ್ದಾರಿಯಲ್ಲಿ ಅಷ್ಟೇನೂ ದುಂದುಗಾರನಲ್ಲ. ಜಪಾನಿನ ಲೆಕ್ಸಸ್ ಕಂಪನಿಯ ಎಲ್‌ಎಸ್ 460 ಎಂಬ ದೊಡ್ಡ ಸೆಡಾನ್ ಕಾರನ್ನೇ ನೋಡಿ. ಸುಮಾರು ಎರಡು ಟನ್ ತೂಕ, ಎಂಟು ಸಿಲಿಂಡರಿನ ಎಂಜಿನ್. 2008ರ ಮಾದರಿಯನ್ನು ಅಮೆರಿಕದ ಸರ್ಕಾರಿ ಕ್ರಮದಲ್ಲಿ ಅಳೆದಾಗ ಅದು ಹೆದ್ದಾರಿಯಲ್ಲಿ ಲೀಟರಿಗೆ ಸುಮಾರು 10 ಕಿಲೋಮೀಟರು ಓಡಿತು. ಊರೊಳಗಿನ ಓಟದಲ್ಲಿ ಮಾತ್ರ 7 ಕಿಲೋಮೀಟರನ್ನೂ ಮುಟ್ಟಲಿಲ್ಲ. ಕಾರು ಅದೇ, ಎಂಜಿನ್ ಅದೇ, ಪೆಟ್ರೋಲೂ ಅದೇ. ಮೆಲ್ಲಗೆ ಹೋಗುವ ಪೇಟೆಯಲ್ಲಿ ಹೆಚ್ಚು ಕುಡಿದು, ವೇಗವಾಗಿ ಓಡುವ ಹೆದ್ದಾರಿಯಲ್ಲಿ ಕಡಿಮೆ ಕುಡಿಯುವುದೆಂದರೇನು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಊರೊಳಗೆ ಪೆಟ್ರೋಲ್ ಖರ್ಚಾಗುವುದು ಹೋಗುವುದಕ್ಕಿಂತ ಹೆಚ್ಚಾಗಿ ನಿಲ್ಲುವುದಕ್ಕೆ!

ಒಂದು ಒಳಲೆಯ ಲೆಕ್ಕ

ಸಾಮಾನು ತುಂಬಿದ ತಳ್ಳುಗಾಡಿಯನ್ನು ನೂಕಿದವರಿಗೆ ಇದು ಗೊತ್ತು. ನಿಂತ ಗಾಡಿಯನ್ನು ಕದಲಿಸುವಾಗ ಮೈಯೆಲ್ಲ ಬೆವರು. ಒಮ್ಮೆ ಉರುಳತೊಡಗಿತೆಂದರೆ ಒಂದು ಕೈಯ ಆಸರೆ ಸಾಕು. ಆಗ ಯಾರಾದರೂ ಅಡ್ಡ ಬಂದು ಗಾಡಿ ನಿಲ್ಲಿಸಬೇಕಾಯಿತೋ, ಮೊದಲು ಸುರಿಸಿದ ಬೆವರೆಲ್ಲ ದಂಡ. ಗಾಡಿಯ ಭಾರ ಹೆಚ್ಚಿದಷ್ಟೂ ದಂಡ ಹೆಚ್ಚು.

ಕಾರಿನ ಕಥೆಯೂ ಇದೇ. ಎರಡು ಟನ್ ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ತರಲು ಸುಮಾರು 1.93 ಲಕ್ಷ ಜೂಲ್‌ನಷ್ಟು ಶಕ್ತಿಯನ್ನು ಅದರ ಮೈಗೆ ತುಂಬಬೇಕು. ಸಿಗ್ನಲ್ಲು ಕೆಂಪಾದೊಡನೆ ಚಾಲಕ ಬ್ರೇಕು ತುಳಿಯುತ್ತಾನೆ. ತುಂಬಿದ ಶಕ್ತಿಯೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ಅದು ಅರ್ಧ ಲೀಟರ್ ನೀರನ್ನು ಕುದಿಸಿ ಇನ್ನೂ ಮಿಗುವಷ್ಟು ಶಾಖ. ಪ್ರತಿ ಸಿಗ್ನಲ್ಲಿನಲ್ಲೂ ನಾಲ್ಕು ಜನರ ಕಾಫಿಗಾಗುವಷ್ಟು ನೀರು ಕಾಯಿಸಿ ರಸ್ತೆಗೆ ಚೆಲ್ಲಿದಂತೆ.

ಹಸಿರು ದೀಪ ಬಂದಾಗ ಇಷ್ಟೇ ಶಕ್ತಿಯನ್ನು ಮತ್ತೆ ಕೊಡಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಶಕ್ತಿ ಇರುವುದೇನೋ ನಿಜ. ಆದರೆ ಊರೊಳಗಿನ ಓಟದಲ್ಲಿ ಅದರ ಐದನೇ ಒಂದು ಭಾಗ ಚಕ್ರಕ್ಕೆ ತಲುಪಿದರೆ ಹೆಚ್ಚು. ಉಳಿದದ್ದು ಎಂಜಿನ್ನಿನ ಬಿಸಿಯಾಗಿ, ಹೊಗೆಯಾಗಿ, ಉಜ್ಜಾಟದಲ್ಲಿ ಕಳೆದುಹೋಗುತ್ತದೆ. ಈ ಲೆಕ್ಕ ಹಿಡಿದರೆ, ಎರಡು ಟನ್ನಿನ ಕಾರು ಪ್ರತಿ ಸಲ ನಿಂತು ಹೊರಡುವುದಕ್ಕೆ ಸುಮಾರು 30 ಮಿಲಿಲೀಟರ್ ಪೆಟ್ರೋಲ್ ಬೇಕು. ಹಸುಗೂಸಿಗೆ ಹಾಲು ಕುಡಿಸುವ ಒಳಲೆಯ ತುಂಬ ಎಂದಿಟ್ಟುಕೊಳ್ಳಿ. ಮೂವತ್ತಮೂರು ಸಲ ನಿಂತರೆ ಒಂದು ಲೀಟರ್ ಮುಗಿಯಿತು. ಒಂದು ಟನ್ನಿನ ಪುಟ್ಟ ಕಾರಿಗೆ ಇದರ ಅರ್ಧ ಸಾಕು. ಒಂದೇ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಕಾರುಗಳ ಖರ್ಚು ಹಸಿರು ದೀಪ ಬಂದ ಕ್ಷಣದಿಂದಲೇ ಬೇರೆಯಾಗುವುದು ಹೀಗೆ.

ಹೆದ್ದಾರಿಯಲ್ಲಿ ಈ ಮರುಪಾವತಿ ಇಲ್ಲ. ಒಮ್ಮೆ ವೇಗ ಹಿಡಿದ ಮೇಲೆ ಎಂಜಿನ್ ಎದುರಿಸಬೇಕಾದದ್ದು ಮುಖ್ಯವಾಗಿ ಗಾಳಿಯನ್ನು, ಆಮೇಲೆ ಟೈರುಗಳ ಉಜ್ಜಾಟವನ್ನು. ಗಾಳಿಗೆ ಕಾರಿನ ತೂಕ ತಿಳಿಯದು, ಆಕಾರ ಮಾತ್ರ ತಿಳಿಯುತ್ತದೆ. ನುಣುಪಾಗಿ ಎರಕ ಹೊಯ್ದಂತಿರುವ ಸಿರಿವಂತರ ಕಾರಿಗೆ ಆಕಾರದಲ್ಲಿ ಕೊರತೆಯಿಲ್ಲ. ಆದ್ದರಿಂದಲೇ ಹೆದ್ದಾರಿಯಲ್ಲಿ ಅದು ಮರ್ಯಾದೆ ಉಳಿಸಿಕೊಳ್ಳುತ್ತದೆ.

ಕಿರಿದಾದ ಕೆಲಸ, ಹಿರಿದಾದ ಎಂಜಿನ್

ತೂಕದ ಜೊತೆಗೆ ಎರಡನೆಯ ಕಾರಣವೂ ಉಂಟು. ಭಾರದ ಕಾರನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ವೇಗಕ್ಕೆ ತರಬೇಕೆಂದು ದೊಡ್ಡ ಎಂಜಿನ್ ಕೂಡಿಸುತ್ತಾರೆ. ಆದರೆ ಪೇಟೆಯ ಸಾಲಿನಲ್ಲಿ ಅದಕ್ಕೆ ಸಿಗುವ ಕೆಲಸ ಅದರ ಶಕ್ತಿಯ ಹತ್ತನೇ ಒಂದು ಪಾಲೂ ಅಲ್ಲ. ಪೆಟ್ರೋಲ್ ಎಂಜಿನ್ನಿನ ಓಟವನ್ನು ತಗ್ಗಿಸುವುದು ಗಾಳಿ ಬರುವ ದಾರಿಯ ಬಾಗಿಲನ್ನು ಮುಚ್ಚುವ ಮೂಲಕ. ಹಾಗೆ ಬಾಗಿಲು ಮುಚ್ಚಿದಾಗ ಎಂಟು ಸಿಲಿಂಡರುಗಳೂ ಕಿರಿದಾದ ಸಂದಿಯಿಂದ ಉಸಿರೆಳೆದುಕೊಳ್ಳಲು ಹೆಣಗಬೇಕು. ಮೂಗು ಹಿಡಿದುಕೊಂಡು ಓಡುವ ಪೈಲ್ವಾನನ ಪಾಡು ಅದರದು. ಎಂಜಿನ್ನಿನ ಒಳಗಿನ ಉಜ್ಜಾಟವಂತೂ ಕೆಲಸ ಕಡಿಮೆಯಾಯಿತೆಂದು ಕಡಿಮೆಯಾಗುವುದಿಲ್ಲ.

ನಿಂತಲ್ಲೇ ಎಂಜಿನ್ ಚಾಲೂ ಇದ್ದರೆ ಲೆಕ್ಕ ಇನ್ನೂ ಸ್ಪಷ್ಟ. ಅಮೆರಿಕದ ಇಂಧನ ಇಲಾಖೆ ಪ್ರಕಟಿಸಿರುವ ಅಂಕಿಗಳ ಪ್ರಕಾರ, ಎರಡು ಲೀಟರ್ ಎಂಜಿನ್ನಿನ ಸಣ್ಣ ಕಾರು ಒಂದು ಗಂಟೆ ಸುಮ್ಮನೆ ಉರಿದರೆ ಸುಮಾರು 0.6 ಲೀಟರ್ ಪೆಟ್ರೋಲ್ ಬೇಕು. 4.6 ಲೀಟರ್ ಎಂಜಿನ್ನಿನ ದೊಡ್ಡ ಸೆಡಾನ್‌ಗೆ ಸುಮಾರು 1.5 ಲೀಟರ್. ಏರ್ ಕಂಡಿಷನರ್ ಹಾಕಿದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಕಾರು ಕೊಡುವ ಮೈಲೇಜು ಸೊನ್ನೆ.

ಇಷ್ಟು ಸರಳವಾದ ಲೆಕ್ಕ ಎಂಜಿನಿಯರುಗಳಿಗೆ ಮೊದಲಿನಿಂದಲೂ ತಿಳಿದಿತ್ತು. ಹಾಗಿದ್ದರೂ ಇಂಥ ಕಾರುಗಳು ಏಕೆ ಬಂದವು, ಜನ ಏಕೆ ಕೊಂಡರು ಎಂಬುದಕ್ಕೆ ಉತ್ತರ ಎಂಜಿನ್ನಿನಲ್ಲಿಲ್ಲ, ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಬರೆದ ದೇಶ ಅಮೆರಿಕ. ಬರೆದ ಕಾರು ಕ್ಯಾಡಿಲಾಕ್.

ಏಣಿಯ ಮೇಲಿನ ಮೆಟ್ಟಿಲು

ಜನರಲ್ ಮೋಟರ್ಸ್ ಕಂಪನಿಯನ್ನು 1920ರ ದಶಕದಿಂದ ಮುನ್ನಡೆಸಿದ ಆಲ್ಫ್ರೆಡ್ ಸ್ಲೋನ್ ಕಾರುಗಳನ್ನು ಒಂದು ಏಣಿಯಂತೆ ಜೋಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಷೆವರ್ಲೆ, ಅದರ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ತುತ್ತತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದಂತೆ ಮನುಷ್ಯ ಮೆಟ್ಟಿಲು ಏರಬೇಕು. ಮೇಲೇರಿದ್ದಾನೆಂದು ಬೀದಿಗೆ ತಿಳಿಯುವುದು ಹೇಗೆ? ಪ್ರತಿ ಮೆಟ್ಟಿಲಿಗೂ ಕಾರು ಉದ್ದವಾಗಬೇಕು, ಅಗಲವಾಗಬೇಕು, ಭಾರವಾಗಬೇಕು. ತೂಕವೇ ಘನತೆ ಎಂಬ ಸಮೀಕರಣ ಹುಟ್ಟಿದ್ದು ಹೀಗೆ.

ಯುರೋಪಿನಲ್ಲಿ ಹೀಗಾಗಲಿಲ್ಲ. ಬ್ರಿಟನ್ನಿನಲ್ಲಿ 1947ರವರೆಗೂ ಕಾರಿನ ತೆರಿಗೆ ನಿರ್ಧಾರವಾಗುತ್ತಿದ್ದುದು ಎಂಜಿನ್ನಿನ ಅಶ್ವಶಕ್ತಿಯ ಮೇಲೆ. ಫ್ರಾನ್ಸಿನಲ್ಲೂ ದೊಡ್ಡ ಎಂಜಿನ್ನಿಗೆ ದೊಡ್ಡ ತೆರಿಗೆ. ಪೆಟ್ರೋಲಿನ ಮೇಲಿನ ಸುಂಕವೂ ಜಾಸ್ತಿ. ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ, ಜಾಗ ಧಾರಾಳ. 1956ರ ಕಾನೂನಿನಿಂದ ದೇಶದ ಉದ್ದಗಲಕ್ಕೂ ಹೊಸ ಹೆದ್ದಾರಿಗಳು ಬಂದವು. ಹೀಗಿರುವಾಗ ಲೆಕ್ಕ ಹಾಕುವವರು ಯಾರು?

1948ರಲ್ಲಿ ಕ್ಯಾಡಿಲಾಕಿನ ಹಿಂಭಾಗದಲ್ಲಿ ಪುಟ್ಟ ರೆಕ್ಕೆಗಳು ಮೂಡಿದವು. ವಿನ್ಯಾಸಕಾರ ಹಾರ್ಲಿ ಅರ್ಲ್ ಅವರ ತಂಡಕ್ಕೆ ಅದರ ಪ್ರೇರಣೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಪಿ-38 ಎಂಬ ಯುದ್ಧವಿಮಾನದಿಂದ. ವರ್ಷ ಕಳೆದಂತೆ ರೆಕ್ಕೆಗಳು ಬೆಳೆದು 1959ರಲ್ಲಿ ಆಕಾಶಕ್ಕೆ ಚುಚ್ಚುವಂತಾದವು. ಆ ವರ್ಷದ ಕಾರಿನ ಉದ್ದ ಹತ್ತಿರ ಹತ್ತಿರ 19 ಅಡಿ, ತೂಕ ಎರಡು ಟನ್ನಿಗೂ ಮೇಲೆ. ರೆಕ್ಕೆಗಳಿದ್ದರೂ ಹಾರಲಾರದ ಈ ವಾಹನದ ನಿಜವಾದ ಕೆಲಸ ನೋಡುವವರ ಕಣ್ಣು ಕುಕ್ಕುವುದು.

ಇದನ್ನೆಲ್ಲ ಬರಿಯ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಚರಿತ್ರೆಯಲ್ಲಿ ಬೇರೊಂದು ಪುಟವೂ ಇದೆ. 1930ರ ದಶಕದ ಆರಂಭದಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕ್ಯಾಡಿಲಾಕ್ ಮುಚ್ಚುವ ಸ್ಥಿತಿಗೆ ಬಂದಿತ್ತು. ಕರಿಯರಿಗೆ ಕಾರು ಮಾರಬಾರದೆಂಬುದು ಆಗ ಕಂಪನಿಯ ನೀತಿ. ಆದರೂ ರಿಪೇರಿಗೆ ಬರುವ ಕಾರುಗಳ ಮಾಲೀಕರಲ್ಲಿ ಕರಿಯ ವೈದ್ಯರು, ವ್ಯಾಪಾರಿಗಳು, ಬಾಕ್ಸರುಗಳು ಇರುವುದನ್ನು ಸರ್ವೀಸ್ ವಿಭಾಗದ ಮುಖ್ಯಸ್ಥ ನಿಕೊಲಸ್ ಡ್ರೈಸ್ಟಾಟ್ ಗಮನಿಸಿದರು. ಬಿಳಿಯನೊಬ್ಬನಿಗೆ ಕೈತುಂಬ ಹಣ ಕೊಟ್ಟು ಅವನ ಹೆಸರಿನಲ್ಲಿ ಅವರು ಕಾರು ಕೊಳ್ಳುತ್ತಿದ್ದರು. ಆ ಹಣ ನಮಗೇ ಬರಲಿ, ನೇರವಾಗಿ ಮಾರೋಣ ಎಂದು ಡ್ರೈಸ್ಟಾಟ್ ಮೇಲಿನವರನ್ನು ಒಪ್ಪಿಸಿದರು, ಕಂಪನಿ ಚೇತರಿಸಿಕೊಂಡಿತು ಎಂದು ನಿರ್ವಹಣಾ ಶಾಸ್ತ್ರದ ಪೀಟರ್ ಡ್ರಕರ್ ದಾಖಲಿಸಿದ್ದಾರೆ. ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಡದ, ಹೋಟೆಲಿನೊಳಗೆ ಬಿಡದ ಸಮಾಜದಲ್ಲಿ, ದುಡಿದು ಗಳಿಸಿದ ಸ್ಥಾನವನ್ನು ಬೀದಿಯಲ್ಲಿ ತೋರಿಸಲು ಅವರಿಗೆ ಉಳಿದಿದ್ದುದು ಕಾರು. ಅವರ ಪಾಲಿಗೆ ಆ ಎರಡು ಟನ್ನಿನ ತೂಕ ಆತ್ಮಗೌರವದ ತೂಕವೂ ಆಗಿತ್ತು. ಮೈಲೇಜಿನ ಕೋಷ್ಟಕದಲ್ಲಿ ಇದಕ್ಕೆ ಜಾಗವಿಲ್ಲ.

ಬಂಕಿನ ಮುಂದೆ ಸಾಲು

ಬೆಳೆದೂ ಬೆಳೆದೂ ಕ್ಯಾಡಿಲಾಕಿನ ಎಂಜಿನ್ 1970ರ ಹೊತ್ತಿಗೆ 8.2 ಲೀಟರಿಗೆ ಬಂದು ನಿಂತಿತು. ಅಂದಿನ ನಮ್ಮ ಅಂಬಾಸಡರ್ ಕಾರಿನ ಎಂಜಿನ್ 1.5 ಲೀಟರಿನದು. ಐದು ಅಂಬಾಸಡರುಗಳ ಎಂಜಿನ್ನುಗಳನ್ನು ಕೂಡಿಸಿದರೂ ಈ ಒಂದಕ್ಕೆ ಸರಿಗಟ್ಟದು. ಆ ಕಾಲದ ಇಂಥ ಕಾರುಗಳು ಊರೊಳಗೆ ಲೀಟರಿಗೆ ನಾಲ್ಕೈದು ಕಿಲೋಮೀಟರು ಓಡಿದರೆ ಪುಣ್ಯ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳಿಗೂ ಇಸ್ರೇಲಿಗೂ ಯುದ್ಧ ನಡೆಯಿತು. ಇಸ್ರೇಲಿಗೆ ನೆರವಾದ ಅಮೆರಿಕಕ್ಕೆ ಅರಬ್ ತೈಲ ದೇಶಗಳು ತೈಲ ಕಳಿಸುವುದನ್ನು ನಿಲ್ಲಿಸಿದವು. ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಶನಿವಾರ ರಾತ್ರಿಯಿಂದ ಭಾನುವಾರ ಪೂರ್ತಿ ಬಂಕು ಮುಚ್ಚುವಂತೆ ಅಧ್ಯಕ್ಷ ನಿಕ್ಸನ್ ಕೇಳಿಕೊಂಡರು. ಹಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಪೆಟ್ರೋಲ್ ಹಾಕಿದರು. 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. ಬಂಕಿನ ಮುಂದೆ ಗಂಟೆಗಟ್ಟಲೆ ನಿಂತ ಸಾಲು ಒಂದೊಂದೇ ಗಜ ಮುಂದಕ್ಕೆ ಸರಿಯುವಾಗ, ಎಂಟು ಸಿಲಿಂಡರಿನ ಕಾರು ಪೆಟ್ರೋಲ್ ಹಾಕಿಸಿಕೊಳ್ಳಲೆಂದೇ ಪೆಟ್ರೋಲ್ ಸುಡುತ್ತಿತ್ತು. ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ನಮ್ಮ ಗಾದೆ ಅಲ್ಲಿಯವರಿಗೆ ಅನುಭವಕ್ಕೆ ಬಂದ ಗಳಿಗೆ ಅದು.

ನಿರ್ಬಂಧ ತೆರವಾದದ್ದು 1974ರ ಮಾರ್ಚಿನಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಟೆಕ್ಸಸ್ ರಾಜ್ಯದ ಅಮರಿಲೊ ಊರಿನ ಹೊರಗೆ ಕಲಾವಿದರ ತಂಡವೊಂದು ಹತ್ತು ಹಳೆಯ ಕ್ಯಾಡಿಲಾಕ್‌ಗಳನ್ನು ಸಾಲಾಗಿ, ಮೂತಿ ನೆಲದೊಳಗೆ, ಬಾಲ ಮೇಲಕ್ಕೆ ಮಾಡಿ ಹೂತಿತು. ರೆಕ್ಕೆಗಳು ಮೂಡಿ, ಬೆಳೆದು, ಇಳಿದ ಕಥೆ ಹೇಳುವುದು ಅವರ ಉದ್ದೇಶ. ‘ಕ್ಯಾಡಿಲಾಕ್ ರಾಂಚ್’ ಎಂದು ಹೆಸರಾದ ಆ ಸಾಲು ಒಂದು ಕಾಲದ ಸಮಾಧಿಯಂತೆ ಇವತ್ತಿಗೂ ನಿಂತಿದೆ.

ಲಾಸ್ ಏಂಜಲೀಸಿನ ಒಂದು ಓಟ

ಕಾರು ಎಷ್ಟು ಕುಡಿಯುತ್ತದೆ ಎಂಬುದನ್ನು ಕಂಪನಿಯ ಬಾಯಿಂದ ಕೇಳಿದರೆ ಸಾಲದು, ಸರ್ಕಾರವೇ ಅಳೆಯಬೇಕೆಂಬ ತಿಳಿವಳಿಕೆ ಬಂದದ್ದು ಈ ಕಾಲದಲ್ಲಿ. ಅಳತೆಯ ಕೋಲು ಆಗಲೇ ಸಿದ್ಧವಿತ್ತು. ಹೊಗೆಯ ಮಾಲಿನ್ಯ ಅಳೆಯುವುದಕ್ಕಾಗಿ ಲಾಸ್ ಏಂಜಲೀಸ್ ನಗರದ ಬೀದಿಗಳಲ್ಲಿ ನಿಜವಾಗಿ ಕಾರು ಓಡಿಸಿ, ಎಲ್ಲಿ ನಿಂತಿತು, ಎಲ್ಲಿ ಹೊರಟಿತು ಎಂಬುದನ್ನು ಸೆಕೆಂಡು ಸೆಕೆಂಡಿಗೂ ಗುರುತು ಮಾಡಿಕೊಂಡಿದ್ದರು. ಅದೇ ಓಟವನ್ನು ಪ್ರಯೋಗಶಾಲೆಯ ಉರುಳೆಗಳ ಮೇಲೆ ಪ್ರತಿ ಕಾರಿನಿಂದಲೂ ಮಾಡಿಸುತ್ತಾರೆ. 11 ಮೈಲಿ ದೂರ, ಸುಮಾರು 31 ನಿಮಿಷ, ನಡುವೆ 23 ನಿಲುಗಡೆ, ಸರಾಸರಿ ವೇಗ ಗಂಟೆಗೆ 34 ಕಿಲೋಮೀಟರು. ಹೆದ್ದಾರಿಯ ಪರೀಕ್ಷೆಯಲ್ಲಿ ನಡುವೆ ಒಂದೂ ನಿಲುಗಡೆಯಿಲ್ಲ. ಎರಡು ಅಂಕಿಗಳ ನಡುವಿನ ಅಂತರದ ಗುಟ್ಟು ಈ 23 ನಿಲುಗಡೆಗಳಲ್ಲಿದೆ.

1975ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಮಾಡಿದ ಕಾನೂನು ಕಂಪನಿಗಳಿಗೆ ಗುರಿ ನಿಗದಿ ಮಾಡಿತು. ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ ಇರಬೇಕು, 1985ರ ಹೊತ್ತಿಗೆ 27.5 ಮೈಲಿಗೆ ಏರಬೇಕು. ಲೀಟರಿನ ಲೆಕ್ಕದಲ್ಲಿ ಏಳೂವರೆಯಿಂದ ಹನ್ನೆರಡರ ಸಮೀಪಕ್ಕೆ. 1978ರ ಇನ್ನೊಂದು ಕಾನೂನು ಹೆಚ್ಚು ಕುಡಿಯುವ ಕಾರುಗಳ ಮೇಲೆ ನೇರವಾಗಿ ತೆರಿಗೆ ಹಾಕಿತು. 1991ರಿಂದ ಈ ತೆರಿಗೆ ಕಾರೊಂದಕ್ಕೆ 1,000 ಡಾಲರಿನಿಂದ 7,700 ಡಾಲರಿನವರೆಗೆ.

ಪ್ರಯೋಗಶಾಲೆಯ ಅಂಕಿ ರಸ್ತೆಯಲ್ಲಿ ಬರುವುದಿಲ್ಲ ಎಂಬ ದೂರು ಆಗಲೂ ಇತ್ತು. 1985ರಲ್ಲಿ ಊರಿನ ಅಂಕಿಯನ್ನು ಶೇಕಡ 10ರಷ್ಟು, ಹೆದ್ದಾರಿಯದನ್ನು ಶೇಕಡ 22ರಷ್ಟು ಇಳಿಸಿಯೇ ಕಾರಿನ ಚೀಟಿಯಲ್ಲಿ ಬರೆಯಬೇಕೆಂದಾಯಿತು. 2008ರ ಮಾದರಿಗಳಿಂದ ಏರ್ ಕಂಡಿಷನರ್, ಚಳಿ, ಬಿರುಸಿನ ಚಾಲನೆ ಇವೆಲ್ಲವನ್ನೂ ಲೆಕ್ಕಕ್ಕೆ ಸೇರಿಸಿದರು.

ತೂಕ ಇಳಿಸುವ ಸಾಹಸ

ಗುರಿ ಮುಟ್ಟಲು ಕಂಪನಿಗಳ ಮುಂದೆ ಇದ್ದುದು ಎರಡು ದಾರಿ: ತೂಕ ಇಳಿಸುವುದು, ಇಲ್ಲವೇ ಎಂಜಿನ್ನಿನ ಉಸಿರಾಟ ಸುಧಾರಿಸುವುದು. ಮೊದಲನೆಯದು ಗೆದ್ದಿತು. 1975ರಲ್ಲಿ ಕ್ಯಾಡಿಲಾಕ್ ‘ಸೆವಿಲ್’ ಎಂಬ ಕಾರು ತಂದಿತು. ಕಂಪನಿಯ ಮಾಮೂಲು ಕಾರಿಗಿಂತ ಎರಡು ಅಡಿಗೂ ಹೆಚ್ಚು ಗಿಡ್ಡ, ನಾನೂರು ಕಿಲೋ ಹಗುರ, ಬೆಲೆ ಮಾತ್ರ ಹೆಚ್ಚು! ಸ್ಲೋನ್ ಅವರ ಏಣಿಯ ಮೇಲೆ ಇದು ತಲೆಕೆಳಗಾದ ಮಾತು. ಆದರೂ ಜನ ಕೊಂಡರು. 1977ರಲ್ಲಿ ಉಳಿದ ದೊಡ್ಡ ಕಾರುಗಳೂ ಸುಮಾರು ನಾನೂರು ಕಿಲೋ ಇಳಿಸಿಕೊಂಡು ಬಂದವು. ಮಾರಾಟ ಕುಗ್ಗಲಿಲ್ಲ.

ಎರಡನೆಯ ದಾರಿಯಲ್ಲಿ ಮುಳ್ಳುಗಳಿದ್ದವು. ಎಂಟು ಸಿಲಿಂಡರುಗಳಿಗೂ ಕೆಲಸವಿಲ್ಲದಾಗ ಎರಡನ್ನೋ ನಾಲ್ಕನ್ನೋ ಮಲಗಿಸಿಬಿಟ್ಟರೆ ಉಳಿದವು ಸರಾಗವಾಗಿ ಉಸಿರಾಡುತ್ತವೆ ಎಂಬ ಯೋಚನೆಯಿಂದ 1981ರಲ್ಲಿ ಕ್ಯಾಡಿಲಾಕ್ ‘ವಿ8-6-4’ ಎಂಬ ಎಂಜಿನ್ ಹೊರತಂದಿತು. ಯೋಚನೆ ಸರಿಯಾಗಿಯೇ ಇತ್ತು. ಅದನ್ನು ನಿಭಾಯಿಸಬೇಕಾದ ಅಂದಿನ ಕಂಪ್ಯೂಟರು ಮಂದ. ಸಿಲಿಂಡರುಗಳು ಮಲಗಿ ಏಳುವಾಗಲೆಲ್ಲ ಕಾರು ಮುಗ್ಗರಿಸುತ್ತಿತ್ತು. ಬೇಸತ್ತ ಅನೇಕ ಮಾಲೀಕರು ಆ ವ್ಯವಸ್ಥೆಯ ತಂತಿಯನ್ನೇ ಕಳಚಿಸಿದರು. ಲಿಮೋಸಿನ್‌ಗಳನ್ನು ಬಿಟ್ಟು ಉಳಿದ ಕಾರುಗಳಿಂದ ಒಂದೇ ವರ್ಷದಲ್ಲಿ ಅದು ಮಾಯವಾಯಿತು. ಅದೇ ಯೋಚನೆ 1990ರ ದಶಕದ ಕೊನೆಯಲ್ಲಿ ಜರ್ಮನಿಯ ಮರ್ಸಿಡಿಸ್ ಕಾರುಗಳಲ್ಲಿ, ಆಮೇಲೆ ಅಮೆರಿಕದ ಕಾರುಗಳಲ್ಲೇ ಮರಳಿ ಬಂದು ಯಶಸ್ವಿಯಾಯಿತು.

ಬೇಲಿಯಲ್ಲಿ ಒಂದು ಕಂಡಿ

ಪಾಠ ಕಲಿತರೇನೋ ನಿಜ, ಮರೆಯಲು ಬಹಳ ಕಾಲ ಬೇಕಾಗಲಿಲ್ಲ. 1980ರ ದಶಕದ ನಡುವೆ ತೈಲದ ಬೆಲೆ ಕುಸಿಯಿತು. 1991ರಲ್ಲಿ ಜರ್ಮನಿಯ ಮರ್ಸಿಡಿಸ್ ಕಂಪನಿ ಹನ್ನೆರಡು ಸಿಲಿಂಡರಿನ, ಆರು ಲೀಟರ್ ಎಂಜಿನ್ನಿನ, ಎರಡು ಟನ್ ದಾಟಿದ ಎಸ್ ಕ್ಲಾಸ್ ಕಾರನ್ನು ತಂದಾಗ ಅದರ ಗಾತ್ರ ಅಲ್ಲಿಯ ಜನರಿಗೇ ಅತಿಯೆನಿಸಿತು. ಸಿಲ್ಟ್ ಎಂಬ ಶ್ರೀಮಂತರ ವಿಹಾರ ದ್ವೀಪಕ್ಕೆ ಕಾರುಗಳನ್ನು ಸಾಗಿಸುವ ರೈಲಿನಲ್ಲಿ ಅದು ಹಿಡಿಸದು ಎಂಬುದು ನಗೆಪಾಟಲಿನ ಸುದ್ದಿಯಾಯಿತು.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ತಿರುವು ಸದ್ದಿಲ್ಲದೆ ಬಂತು. ಮೈಲೇಜಿನ ಕಾನೂನು ಮಾಡುವಾಗ ರೈತರು, ಕಸುಬುದಾರರು ಬಳಸುವ ಸಣ್ಣ ಟ್ರಕ್ಕುಗಳಿಗೆ ವಿನಾಯಿತಿಯ ಸಡಿಲ ಗುರಿ ಇಟ್ಟಿದ್ದರು. ಹೆಚ್ಚು ಕುಡಿಯುವ ಕಾರಿನ ತೆರಿಗೆ ಅವಕ್ಕೆ ಇರಲೇ ಇಲ್ಲ. ಟ್ರಕ್ಕಿನ ಚೌಕಟ್ಟಿನ ಮೇಲೆ ಮೆತ್ತನೆಯ ಸೀಟು ಹಾಕಿದರೆ ಅದೂ ಕಾನೂನಿನ ಕಣ್ಣಿಗೆ ಟ್ರಕ್ಕೇ. ಬೇಲಿಯ ಈ ಕಂಡಿಯಿಂದ ನುಸುಳಿ ಬಂದದ್ದೇ ಎಸ್‌ಯುವಿಗಳು. ಟೆಕ್ಸಸ್ಸಿನ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ 1996ರ ಕೊನೆಯಲ್ಲಿ ಕ್ಯಾಡಿಲಾಕ್ ಫ್ಲೀಟ್‌ವುಡ್ ಎಂಬ ಭಾರೀ ಸೆಡಾನ್ ತಯಾರಿ ನಿಂತಿತು. ಕಾರ್ಖಾನೆ ಟ್ರಕ್ಕು ಜಾತಿಯ ವಾಹನಗಳಿಗೆ ತಿರುಗಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಂದಲೇ ಹೊರಬಂದದ್ದು ಕ್ಯಾಡಿಲಾಕ್ ಎಸ್ಕಲೇಡ್. ಸೆಡಾನ್‌ಗಿಂತ ಎತ್ತರ, ಸೆಡಾನ್‌ಗಿಂತ ಭಾರ. ಆನೆ ಹೋಯಿತು ಎಂದುಕೊಂಡರೆ ಹೆಸರು ಬದಲಿಸಿಕೊಂಡು ಮತ್ತೆ ಬಾಗಿಲಿಗೆ ಬಂದಿತ್ತು. 2025ರ ಜುಲೈನಲ್ಲಂತೂ ಗುರಿ ತಪ್ಪಿದ ಕಂಪನಿಗಳಿಗೆ ಹಾಕುವ ದಂಡವನ್ನೇ ಅಮೆರಿಕದ ಸಂಸತ್ತು ಸೊನ್ನೆಗೆ ಇಳಿಸಿತು.

ಚೆಲ್ಲಿದ್ದನ್ನು ಎತ್ತಿಕೊಳ್ಳುವುದು

ಹಾಗಾದರೆ ಭಾರದ ಕಾರಿಗೆ ಊರೊಳಗೆ ವಿಮೋಚನೆಯೇ ಇಲ್ಲವೇ? ಇದೆ. ಬ್ರೇಕಿನಲ್ಲಿ ಚೆಲ್ಲಿಹೋಗುವ ಶಕ್ತಿಯನ್ನು ಹಿಡಿದಿಟ್ಟುಕೊಂಡರಾಯಿತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಮಾಡಿದ್ದು ಅದನ್ನೇ. ನಿಲ್ಲುವಾಗ ಅದರ ಮೋಟರು ಸೈಕಲ್ಲಿನ ಡೈನಮೋದಂತೆ ತಿರುಗಿ ವಿದ್ಯುತ್ ಮಾಡಿ ಬ್ಯಾಟರಿಗೆ ತುಂಬುತ್ತದೆ. ಹೊರಡುವಾಗ ಅದೇ ವಿದ್ಯುತ್ ಕಾರನ್ನು ನೂಕುತ್ತದೆ. ನಿಂತಾಗ ಎಂಜಿನ್ ತಾನೇ ಆರುತ್ತದೆ. ನಮ್ಮ ರಾಜ್ಯಕ್ಕೂ ಇದರ ನಂಟಿದೆ. ಬೆಂಗಳೂರಿನ ಪಕ್ಕದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದ ಇದೇ ತಂತ್ರದ ಕ್ಯಾಮ್ರಿ ಹೈಬ್ರಿಡ್ ಸೆಡಾನ್ ಜೋಡಣೆ ಆರಂಭವಾಯಿತು.

ಈ ತಂತ್ರ ಏನನ್ನು ಉಳಿಸುತ್ತದೆ, ಏನನ್ನು ಉಳಿಸುವುದಿಲ್ಲ ಎಂಬುದಕ್ಕೆ ಆರಂಭದಲ್ಲಿ ಹೇಳಿದ ಲೆಕ್ಸಸ್ ಕಾರೇ ಸಾಕ್ಷಿ. ಅದರ ಹೈಬ್ರಿಡ್ ಸೋದರ ಎಲ್‌ಎಸ್ 600ಎಚ್, 2008ರ ಮಾದರಿ, ಇನ್ನೂ ಹೆಚ್ಚು ಭಾರದ್ದು. ಆದರೂ ಊರೊಳಗೆ ಅದು ಲೀಟರಿಗೆ ಸುಮಾರು ಎಂಟೂವರೆ ಕಿಲೋಮೀಟರು ಕೊಟ್ಟಿತು. ಹೆದ್ದಾರಿಯಲ್ಲಿ ಮಾತ್ರ ಮಾಮೂಲು ಕಾರಿಗಿಂತ ತುಸು ಹಿಂದೆಯೇ ಉಳಿಯಿತು. ಅಲ್ಲಿ ನಿಲುಗಡೆಯೇ ಇಲ್ಲದಿರುವಾಗ ಎತ್ತಿಕೊಳ್ಳುವುದಕ್ಕೆ ಏನಿದೆ? ಪೂರ್ತಿ ವಿದ್ಯುತ್ತಿನ ಕಾರುಗಳಲ್ಲಿ ಹಳೆಯ ಕಥೆ ತಿರುವುಮುರುವಾಗಿದೆ. ಅವುಗಳಲ್ಲಿ ಹಲವು ಎರಡೂವರೆ ಟನ್ ತೂಗಿದರೂ ಹೆದ್ದಾರಿಗಿಂತ ಊರೊಳಗೇ ಮಿತವ್ಯಯಿ. ಹಾಗೆಂದು ತೂಕದ ಪಾಪ ಪೂರ್ತಿ ತೊಳೆಯಿತೆಂದಲ್ಲ. ನಿಲ್ಲಿಸುವಾಗ ಹಿಡಿದ ಶಕ್ತಿಯಲ್ಲಿ ಒಂದಷ್ಟು ಬ್ಯಾಟರಿಗೆ ಹೋಗಿ ಬರುವ ದಾರಿಯಲ್ಲೇ ಸೋರುತ್ತದೆ.

ಯಾರು ಲೆಕ್ಕ ನೋಡಬೇಕು?

‘ಎಷ್ಟು ಕೊಡುತ್ತೆ’ ಎಂಬ ನಮ್ಮ ಪ್ರಶ್ನೆಯಲ್ಲೇ ಒಂದು ಮೋಸವಿದೆ. ಲೀಟರಿಗೆ 20 ಕಿಲೋಮೀಟರು ಓಡುವ ಕಾರನ್ನು 25ಕ್ಕೆ ಏರಿಸಿದರೆ ದೊಡ್ಡ ಸಾಧನೆ ಎನಿಸುತ್ತದೆ. ಐದು ಓಡುವ ಕಾರು ಆರಕ್ಕೆ ಏರಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ 50 ಲೀಟರ್ ಇದ್ದದ್ದು 40 ಆಯಿತು, ಉಳಿತಾಯ ಹತ್ತು ಲೀಟರು. ಎರಡನೆಯದರಲ್ಲಿ 200 ಲೀಟರ್ ಇದ್ದದ್ದು 167 ಆಯಿತು, ಉಳಿತಾಯ 33 ಲೀಟರು. ಮೂರು ಪಟ್ಟಿಗೂ ಹೆಚ್ಚು! ಅಮೆರಿಕದ ಲ್ಯಾರಿಕ್ ಮತ್ತು ಸೋಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ಬಿಡಿಸಿ ತೋರಿಸಿದರು. ಯುರೋಪಿನವರು ಬಹಳ ಹಿಂದಿನಿಂದಲೇ ಪ್ರಶ್ನೆಯನ್ನು ತಿರುಗಿಸಿ, ನೂರು ಕಿಲೋಮೀಟರಿಗೆ ‘ಎಷ್ಟು ಕುಡಿಯುತ್ತೆ’ ಎಂದು ಕೇಳುತ್ತಾರೆ. ದೊಡ್ಡ ಕಾರಿನವನಿಗೆ ಮೈಲೇಜು ಕೇಳುವ ಅಗತ್ಯವಿಲ್ಲ ಎನ್ನುವ ನಮ್ಮ ನಡವಳಿಕೆ ಎಷ್ಟು ತಲೆಕೆಳಗಾದದ್ದು ಎಂಬುದು ಆಗ ತಿಳಿಯುತ್ತದೆ. ಕೇಳಲೇಬೇಕಾದವನು ಅವನೇ.

ತೈಲ ಬಿಕ್ಕಟ್ಟಿನ ಆ ದಶಕದಲ್ಲೇ, 1978ರಲ್ಲಿ, ಭಾರತ ಸರ್ಕಾರ ಪೆಟ್ರೋಲಿಯಂ ಕನ್ಸರ್ವೇಶನ್ ರಿಸರ್ಚ್ ಅಸೋಸಿಯೇಷನ್ ಎಂಬ ಸಂಸ್ಥೆ ಸ್ಥಾಪಿಸಿತು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಎಂದು ಅದು ಸಾರುತ್ತ ಬಂದಿದೆ. ದೂರದಲ್ಲೇ ಕೆಂಪು ದೀಪ ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರು ತಾನಾಗಿ ಉರುಳಿಬರಲು ಬಿಟ್ಟರೆ, ಬ್ರೇಕಿಗೆ ಚೆಲ್ಲುವ ಪಾಲು ಇನ್ನಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ತಾಳ್ಮೆ ಸಾಕು.

2019ರ ಸಂಚಾರ ದಟ್ಟಣೆಯನ್ನು ಅಳೆದು ಟಾಮ್‌ಟಾಮ್ ಕಂಪನಿ ಸಿದ್ಧಪಡಿಸಿದ ಜಗತ್ತಿನ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಬೆಂಗಳೂರಿಗೆ ಸಿಕ್ಕಿತ್ತು. ಲಾಸ್ ಏಂಜಲೀಸಿನ ಆ ಪರೀಕ್ಷೆಯಲ್ಲಿ 11 ಮೈಲಿಗೆ 23 ನಿಲುಗಡೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನತ್ತ ಸಂಜೆ ಆರಕ್ಕೆ ಹೊರಟವರು ತಮ್ಮ ನಿಲುಗಡೆಗಳನ್ನು ಎಣಿಸಿ ನೋಡಬಹುದು. ಸಾಲಿನಲ್ಲಿ ಸಿಕ್ಕಿಕೊಂಡ ಎರಡು ಟನ್ನಿನ ಕಾರಿಗೂ ಪಕ್ಕದ ಆಟೋರಿಕ್ಷಾಕ್ಕೂ ವೇಗ ಒಂದೇ. ಕಾರು ಮಾತ್ರ ಪ್ರತಿ ಸಲ ಕದಲಿದಾಗಲೂ ತನ್ನ ಒಳಲೆಯನ್ನು ತುಂಬಿಸಿಕೊಳ್ಳುತ್ತಿರುತ್ತದೆ.